ಕಾಗದದಲ್ಲಿ ಇಲ್ಲದ ದಾರಿ

ನಮ್ಮೂರು, ಗೌನಿಪಲ್ಲಿ ಅಂಚೆ
21 ಅಕ್ಟೋಬರ್ 2024

ವೆಂಕಟನಿಗೆ ಅಕ್ಕ ಶಾಮಲಮ್ಮನ ಆಶೀರ್ವಾದ.

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಫೋನಲ್ಲಿ ನನ್ನ ಕಿವಿಗೆ ಈಗ ಏನೂ ಕೇಳಿಸಲ್ಲ. ಆ ಫೋನೂ ಮುರಳಿ ಜೇಬಲ್ಲೇ ಇರುತ್ತೆ. ಮಗನ ಮುಂದೆ ಕೂಗಿ ಹೇಳೋ ಮಾತಲ್ಲ ಇದು, ಅದಕ್ಕೇ ಬರೀತಿದ್ದೀನಿ.

ಅಂಜಮ್ಮ ಹೋಗಿಬಿಟ್ಟಳು. ಕಾಲೋನಿ ಅಂಜಮ್ಮ, ಇಪ್ಪತ್ತೈದು ವರ್ಷ ನಮ್ಮ ತೋಪಲ್ಲಿ ನನ್ನ ಜೊತೆ ಮಾವಿನಕಾಯಿ ಆಯ್ದವಳು. ಹೋದ ಬುಧವಾರ ಬೆಳಿಗ್ಗೆ. ಈ ಸಲ ಮಳೆ ಹಿಡಿದು ಕೆರೆ ಕೋಡಿ ಹರೀತಿದೆ. ಅವರ ಸ್ಮಶಾನ ನಮ್ಮ ತೋಪಿನ ಆಚೆ ಇರೋದು ನಿನಗೆ ಗೊತ್ತೇ ಇದೆ. ಹತ್ತು ವರ್ಷದ ಹಿಂದೆ ಮುರಳಿ ಬೇಲಿ ಹಾಕಿದ ಮೇಲೆ ಅವರು ಕೋಡಿ ಹಳ್ಳಕ್ಕೆ ಇಳಿದೇ ಹೆಣ ಹೊತ್ಕೊಂಡು ಹೋಗಬೇಕು.

ಮಧ್ಯಾಹ್ನ ಅವಳ ಮಗ ಭೀಮರಾಜ ಬಂದ. ಶ್ರೀನಿವಾಸಪುರದಲ್ಲಿ ಲೈನ್‌ಮನ್ ಆಗಿದ್ದಾನಲ್ಲ, ಅವನು. ಗೇಟಿನ ಆಚೆನೇ ನಿಂತ. ಹಳ್ಳದಲ್ಲಿ ನೀರು ಸೊಂಟದ ಮಟ್ಟ ಇದೆ ಅಂದ. "ಈ ಒಕ್ಕ ರೋಜು ಗೇಟು ತೀಯಮ್ಮಾ" ಅಂದ, ಇದೊಂದು ದಿನ ತೆಗಿ ಅಂತ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಮುರಳಿ ಅಡ್ಡ ಬಂದು, ಒಂದು ಸಲ ಬಿಟ್ಟರೆ ಅದೇ ದಾರಿ ಆಗಿಹೋಗುತ್ತೆ ಅಂದ. ನಾನು ಬಾಯಿ ಬಿಡಲಿಲ್ಲ.

ಅವರು ಹಳ್ಳಕ್ಕೆ ಇಳಿದರು. ನಡುನೀರಲ್ಲಿ ಒಬ್ಬನ ಕಾಲು ಜಾರಿ ಚಟ್ಟ ವಾಲಿತು. ಅಂಜಮ್ಮ ನೀರಿಗೆ ಬಿದ್ದಳು. ಭೀಮರಾಜ ಧುಮುಕಿ ಅವ್ವನ್ನ ತಬ್ಬಿ ಹಿಡಿದ. ನಾನು ಬೇಲಿ ಹಿಡ್ಕೊಂಡು ನೋಡ್ತಾ ನಿಂತಿದ್ದೆ.

ಈಗ ಅವನು ತಹಸೀಲ್ದಾರರಿಗೆ ಅರ್ಜಿ ಕೊಟ್ಟಿದ್ದಾನೆ. ಅಲ್ಲಿ ಮೊದಲಿಂದ ದಾರಿ ಇತ್ತು ಅಂತ ಅವನ ವಾದ. ನಾವು ಬಿಟ್ಟಿದ್ದಕ್ಕೆ ನಡೆದರು, ಹಕ್ಕಿನ ದಾರಿ ಅಲ್ಲ, ನಕ್ಷೇಲೇ ಇಲ್ಲ ಅಂತ ಮುರಳಿ ವಾದ. ಆ ನಕ್ಷೆ ಬರೆದ ಸರ್ವೆಯರ್ ನೀನು. ಅವನು ಮಾಲೂರಿಗೆ ನಿನ್ನ ಹುಡುಕ್ಕೊಂಡು ಬರಬಹುದು. ಬಂದರೆ ನೆನಪಿಲ್ಲ ಅಂತ ಹೇಳು.

ಮುರಳಿ ಬರಿ ಅಂದಿದ್ದು ಈ ಕೊನೇ ಎರಡು ಸಾಲು ಮಾತ್ರ. ಉಳಿದದ್ದು ನಾನೇ ಬರೆದೆ.

ನಿನ್ನ ಅಕ್ಕ,
ಶಾಮಲ


ಮಾಲೂರು
5 ನವೆಂಬರ್ 2024

ಅಕ್ಕನಿಗೆ ವೆಂಕಟನ ನಮಸ್ಕಾರ.

ಮೊನ್ನೆ ಭಾನುವಾರ ಭೀಮರಾಜ ಬಂದಿದ್ದ. ಒಬ್ಬನೇ ಬಂದಿದ್ದ. ಕೂತು ಕಾಫಿ ಕುಡಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ: "ಅಳೆದಿದ್ದು ನೀವೇ ಅಲ್ವಾ ಸಾರ್, ಅಲ್ಲಿ ದಾರಿ ಇತ್ತಾ, ಇಲ್ವಾ?"

ಮೂವತ್ತು ವರ್ಷ ಆಯ್ತಲ್ಲಪ್ಪ, ನೆನಪಿಲ್ಲ ಅಂದೆ. ನೀನು ಹೇಳಿದ ಹಾಗೇ ಹೇಳಿದೆ.

ಅವನು ಜಗಳಕ್ಕೆ ನಿಲ್ಲಲಿಲ್ಲ. ಎದ್ದು, ಲೋಟ ತೊಳೆದಿಡಬೇಕು, ನಲ್ಲಿ ಎಲ್ಲಿದೆ ಅಂತ ಕೇಳಿದ. ನಮ್ಮ ಮನೆಯಲ್ಲಿ ಯಾರೂ ತೊಳಿ ಅಂದಿರಲಿಲ್ಲ. ಆದಿಲಕ್ಷ್ಮಿ ಓಡಿಬಂದು ಲೋಟ ಕಿತ್ತುಕೊಂಡಳು. ಅವನು ಹೋದ ಮೇಲೆ ನಾವು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಕ್ಕ, ನಿನಗೆ ಪೂರ್ತಿ ಗೊತ್ತಿಲ್ಲದ ಒಂದು ಸಂಗತಿ ಇದೆ. 1993ರಲ್ಲಿ ಭಾವ ತೀರಿಕೊಂಡು ಮೂರು ತಿಂಗಳಾಗಿತ್ತು. ಮುರಳಿಗೆ ಆಗ ನಾಲ್ಕು ವರ್ಷ. ನಿನ್ನ ಮೈದುನಂದಿರು ಆ ದಾರಿಯೇ ಗಡಿ, ಅದರ ಆಚೆಯ ಮರಗಳೆಲ್ಲ ತಮ್ಮವು ಅಂತ ತಕರಾರು ತೆಗೆದಿದ್ದರು. ಅಳತೆಗೆ ಬಂದವನು ನಾನು. ಆವತ್ತು ಅಪ್ಪ ನನ್ನ ಪಕ್ಕ ಕೂತು ಹೇಳಿದರು: "ದಾರಿ ಇಲ್ಲದಿದ್ರೆ ಗಡಿಯೂ ಇರಲ್ಲ. ಇದ್ರೆ ನಿನ್ನ ಅಕ್ಕ ಬೀದಿಗೆ ಬೀಳ್ತಾಳೆ ಕಣೋ."

ನಾನು ನಕ್ಷೆಯನ್ನು ಎರಡು ಸಲ ಬರೆದೆ. ಮೊದಲನೆಯದರಲ್ಲಿ ಹನ್ನೊಂದು ಅಡಿ ಅಗಲದ ದಾರಿ ಇದೆ. ಎರಡನೆಯದರಲ್ಲಿ ಇಲ್ಲ. ಕಚೇರಿಗೆ ಹೋಗಿದ್ದು ಎರಡನೆಯದು. ಅದಕ್ಕೂ ಹಿಂದಿನ ಹಳೇ ನಕ್ಷೆ ಕಚೇರಿಯಲ್ಲೇ ಗೆದ್ದಲು ಹಿಡಿದು ಪುಡಿಯಾಗಿದೆ. ಮೊದಲು ಬರೆದ ಹಾಳೆ, ಸಹಿ ತಾರೀಖಿನ ಸಮೇತ, ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ಯಾಕೆ ಇಟ್ಟುಕೊಂಡೆ ಅಂತ ನನಗೇ ಗೊತ್ತಿಲ್ಲ.

ನೀನು ಹೇಗೂ ಅವರನ್ನು ತಡೆಯುವವಳಲ್ಲ, ನಡೆದುಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆ. ಇಪ್ಪತ್ತು ವರ್ಷ ಹಾಗೇ ಆಯಿತು. ಬೇಲಿ ಬಂದ ಮೇಲೂ ಸುಮ್ಮನಿದ್ದೆ.

ನಿವೃತ್ತನಾದ ಒಬ್ಬ ಮುದುಕ ಬಾಯಿ ಬಿಟ್ಟರೆ ಯಾವ ಊರು ಬದಲಾದೀತು ಅಂತ ದಿನಾ ಕೇಳಿಕೊಳ್ಳುತ್ತೇನೆ. ಸುಮ್ಮನಿರೋದಕ್ಕೆ ಆ ಪ್ರಶ್ನೆ ಬಹಳ ಅನುಕೂಲವಾಗಿದೆ.

ನಿನ್ನ ತಮ್ಮ,
ವೆಂಕಟ


ನಮ್ಮೂರು
16 ನವೆಂಬರ್ 2024

ವೆಂಕಟ,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ಆ ಹಾಳೇನೂ ಒಲೆಗೆ ಹಾಕು.

ಅಪ್ಪ ಹಾಗೆ ಹೇಳಿದ್ದು, ನೀನು ಹಾಗೆ ಬರೆದದ್ದು ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯ. ನೀನು ಕಚೇರಿಗೆ ಹೋದ ದಿನವೇ ಅಪ್ಪ ಬಂದು ಹೇಳಿದರು. ಬೇಡ ಅನ್ನಲಿಲ್ಲ ನಾನು. ಕಂಕುಳಲ್ಲಿ ಮಗು ಇತ್ತು. ಯಾವ ಬಾಯಲ್ಲಿ ಬೇಡ ಅನ್ನಲಿ?

ಆ ದಾರಿ ಮೇಲೆ, ಒಂದು ಅಂಚಿಗೆ, ಈಗ ಒಂಬತ್ತು ಬಾದಾಮಿ ಮಾವಿನ ಮರ ನಿಂತಿವೆ. ಬಿಂದಿಗೇಲಿ ನೀರು ಹೊತ್ತು ಬೆಳೆಸಿದವಳು ನಾನು. ನನ್ನ ಜೊತೆ ಹೊತ್ತವಳು ಅಂಜಮ್ಮ. ಬಾಯಾರಿದೆ ಅಂದರೆ ನಾನು ಮೇಲಿಂದ ಹುಯ್ಯುತ್ತಿದ್ದೆ, ಅವಳು ಬೊಗಸೆ ಹಿಡಿದು ಕುಡೀತಿದ್ದಳು. ಗಿಡಕ್ಕೆ ಮಾತ್ರ ಇಬ್ಬರೂ ಒಂದೇ ಬಿಂದಿಗೇಲಿ ಹಾಕ್ತಿದ್ದೆವು. ಆಗ ಅದು ತಪ್ಪು ಅಂತ ನನಗೂ ಅನ್ನಿಸಲಿಲ್ಲ, ಅವಳೂ ಅನ್ನಲಿಲ್ಲ.

ನಿನ್ನ ಹತ್ತಿರ ಹಾಳೆ ಇದೆ ಅಂತ ಮುರಳಿಗೆ ನಾನು ಹೇಳಿಲ್ಲ. ಆದರೆ ಭೀಮರಾಜ ಮಾಲೂರಿಗೆ ಬಂದು ಹೋದದ್ದು ಅವನಿಗೆ ಗೊತ್ತಾಗಿದೆ. ಮಾವ ಬಾಯಿ ಬಿಟ್ಟರೆ ಸುಳ್ಳು ನಕ್ಷೆ ಬರೆದಿದ್ದಕ್ಕೆ ಮೊದಲು ಜೈಲಿಗೆ ಹೋಗೋದು ಅವರೇ ಅಂತಾನೆ. ಊರಿನ ದೊಡ್ಡವರೂ ಮನೆಗೆ ಬಂದು ಹೋದರು. ಇವತ್ತು ದಾರಿ ಅಂತಾರೆ, ನಾಳೆ ಬಾವಿ ಅಂತಾರೆ, ನೀವು ಸಡಿಲ ಬಿಟ್ಟರೆ ನಮಗೂ ಕಷ್ಟ ಅಂದರು. ಮಾತು ಮೆತ್ತಗೇ ಇತ್ತು. ಹೋಗುವಾಗ ಒಬ್ಬರೂ ನಾನು ಕೊಟ್ಟ ಎಲೆ ಅಡಿಕೆ ಮುಟ್ಟಲಿಲ್ಲ.

ನಿನಗೆ ಪಿಂಚಣಿ ಇದೆ, ಪಟ್ಟಣದಲ್ಲಿ ಮನೆ ಇದೆ. ನಾನು ಇದೇ ಬೀದೀಲಿ ಬಾಳಬೇಕು. ನೀನು ಒಳ್ಳೆಯವನಾಗೋಕೆ ನನ್ನ ತೋಪೇ ಬೇಕಾಯ್ತಾ?

ಈ ಸಲ ಆಶೀರ್ವಾದ ಬರೀತಿಲ್ಲ.

ಶಾಮಲಮ್ಮ


ಮಾಲೂರು
10 ಡಿಸೆಂಬರ್ 2024

ಅಕ್ಕ,

ಹಾಳೆಯನ್ನು ಸುಡಲಿಲ್ಲ. ನಿನ್ನೆ ಶ್ರೀನಿವಾಸಪುರಕ್ಕೆ ಹೋಗಿ ತಹಸೀಲ್ದಾರರಿಗೆ ಕೊಟ್ಟು ಬಂದೆ. ಜೊತೆಗೆ, ದಾರಿಯನ್ನು ಬೇಕೆಂದೇ ಬಿಟ್ಟವನು ನಾನು ಅಂತ ಬರೆದು ಸಹಿ ಹಾಕಿದ್ದೇನೆ. ಅಪ್ಪನ ಹೆಸರು ಬರೆದಿಲ್ಲ. ನಿನ್ನ ಹೆಸರೂ ಇಲ್ಲ.

ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಧೈರ್ಯವಾಗಿ ಹೋದೆ ಅಂದುಕೊಳ್ಳಬೇಡ. ಕೋಲಾರದಲ್ಲಿ ಬಸ್ಸು ಬದಲಿಸುವಾಗ ಶ್ರೀನಿವಾಸಪುರದ ಎರಡು ಬಸ್ಸು ಬಿಟ್ಟು ನಿಂತಿದ್ದೆ. ಮಾಲೂರಿನ ಬಸ್ಸಿಗೆ ಒಂದು ಕಾಲು ಇಟ್ಟೂ ಇದ್ದೆ. ಕಚೇರಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಕದಿರಪ್ಪ ಇನ್ನೂ ಇದ್ದಾನೆ. ನನ್ನ ಅರ್ಜಿ ಓದಿ ಹೊರಗೆ ಕರೆದುಕೊಂಡು ಹೋದ. ಇಲಾಖೆ ವಿಚಾರಣೆ ಆಗುತ್ತೆ, ಪಿಂಚಣಿಗೆ ಕೈ ಹಾಕಬಹುದು, ವಾಪಸ್ ತಗೊಳ್ಳಿ ಅಂದ. ಆಮೇಲೆ ಹೆಗಲ ಮೇಲೆ ಕೈಯಿಟ್ಟು, "ನಿಮ್ಮೊಬ್ಬರಿಂದ ಊರು ಸರಿಹೋಗುತ್ತಾ ಸಾರ್?" ಅಂತ ಕೇಳಿದ.

ಊರಿನದು ನನಗೆ ಗೊತ್ತಿಲ್ಲ, ಈ ಬೇಲಿಗೆ ಜಾಗ ಮಾಡಿಕೊಟ್ಟವನು ನಾನು ಅಂದೆ.

ಅಕ್ಕನ ಅನ್ನಕ್ಕೆ ಕಲ್ಲು ಹಾಕಿದಿರಿ ಅಂತಾಳೆ ಆದಿಲಕ್ಷ್ಮಿ. ಭೀಮರಾಜ ಬಂದ ದಿನ ಅತ್ತವಳೂ ಅವಳೇ.

ಜನವರಿ 20ಕ್ಕೆ ಸ್ಥಳ ಪರಿಶೀಲನೆ. ನಾನು ಬರಲೇಬೇಕು. ಮನೆಗೆ ಬರಬಹುದಾ, ಒಂದು ಸಾಲು ಬರಿ.

ವೆಂಕಟ


ಮಾಲೂರು
23 ಜನವರಿ 2025

ಅಕ್ಕ,

ನಿನ್ನ ಸಾಲು ಬರಲಿಲ್ಲ, ಅದಕ್ಕೇ ಮನೆಗೆ ಬರಲಿಲ್ಲ. ನೀನು ಪಂಪ್‌ಶೆಡ್ಡಿನ ಕಟ್ಟೆ ಮೇಲೆ ನಿಂತಿದ್ದೆ. ಕಂಡೆ. ಮಾತು ಅಷ್ಟು ದೂರಕ್ಕೆ ಕೇಳಿಸಿರಲಿಕ್ಕಿಲ್ಲ ಅಂತ ಬರೆಯುತ್ತಿದ್ದೇನೆ.

ನಾನು ಹೋಗುವಷ್ಟರಲ್ಲಿ ಗೇಟಿಗೆ ಅಡ್ಡವಾಗಿ ಟ್ರ್ಯಾಕ್ಟರ್ ನಿಲ್ಲಿಸಿದ್ದರು. ಮುರಳಿಯ ಜೊತೆ ಇಪ್ಪತ್ತು ಜನ. ಕಾಲೋನಿಯಿಂದಲೂ ಅಷ್ಟೇ ಜನ, ರಸ್ತೆಯ ಆ ಬದಿಗೆ. ಇಬ್ಬರು ಪೊಲೀಸರು ನಡುವೆ. ಟ್ರ್ಯಾಕ್ಟರ್ ತೆಗೆಸುವುದಕ್ಕೇ ಒಂದು ಗಂಟೆ ಹಿಡಿಯಿತು.

ನನ್ನ ಹಾಳೆ ಹಿಡಿದು ದಾರಿ ಎಲ್ಲಿಂದ ಎಲ್ಲಿಗೆ ಅಂತ ತೋರಿಸಿದೆ. ಹೊಸ ಸರ್ವೆಯರ್ ಹುಡುಗಿ, ಪದ್ಮಶ್ರೀ ಅಂತ, ಟೇಪು ಹಿಡಿದು ಅಳೆದಳು. ಅಳತೆ ಒಂದಡಿ ಆಚೀಚೆ ಇಲ್ಲದೆ ಕೂತಿತು. ನನಗೆ ಜೀವ ಬಂದ ಹಾಗಾಯಿತು. ಆಗ ಮುರಳಿ ಮುಂದೆ ಬಂದ. "ಇದನ್ನ ಮೊನ್ನೆ ಕೂತು ಬರೆದಿಲ್ಲ ಅಂತ ಏನು ಗ್ಯಾರಂಟಿ?" ಅಂದ. ಅವನ ಕೈ ನನ್ನ ಅಂಗಿಯ ಕಾಲರ್ ಮೇಲಿತ್ತು. ಎಳೆಯಲಿಲ್ಲ, ಬಿಡಲೂ ಇಲ್ಲ. ಎತ್ತಿ ಆಡಿಸಿದ ಮಗು ಅದು. ಪೊಲೀಸಿನವನು ಬಂದು ಬಿಡಿಸಿದ.

ತಹಸೀಲ್ದಾರರು ಊರಿನವರನ್ನು ಒಬ್ಬೊಬ್ಬರನ್ನೇ ಕೇಳಿದರು. ಕಾಲೋನಿಯವರು ನಡೆದದ್ದು ನಿಜ, ಆದರೆ ಶಾಮಲಮ್ಮನ ಒಳ್ಳೇತನದಿಂದ, ಹಕ್ಕಿಂದಲ್ಲ ಅಂದರು ಎಲ್ಲರೂ. ಕಾಲೋನಿಯವರ ಮಾತು ಅವರ ಪರವಾದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ಕೊನೆಗೆ ತಹಸೀಲ್ದಾರರು ನನಗೆ ಹೇಳಿದರು: "ಒಂದು ಸಲ ಸುಳ್ಳು ಬರೆದೆ ಅಂತ ನೀವೇ ಒಪ್ಪಿದ್ದೀರಿ. ಈಗ ಹೇಳ್ತಿರೋದು ನಿಜ ಅಂತ ನಾನು ಯಾವುದರ ಮೇಲೆ ನಂಬಲಿ?"

ಜನ ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸರಿಯಾದ ಪ್ರಶ್ನೆ ಅದು.

ಬೇರೆ ಸಾಕ್ಷಿ ಇದ್ದರೆ ಫೆಬ್ರವರಿ ಕೊನೆಯೊಳಗೆ ಕೊಡಬೇಕು, ಇಲ್ಲದಿದ್ದರೆ ಅರ್ಜಿ ವಜಾ. ಭೀಮರಾಜ ಬಸ್ ಸ್ಟಾಪಿನವರೆಗೆ ಬಂದ. ಬಸ್ಸು ಹತ್ತುವಾಗ, ಊಟ ಮಾಡಿದಿರಾ ಸಾರ್ ಅಂತ ಕೇಳಿದ.

ನಿನ್ನನ್ನು ಏನೂ ಕೇಳುತ್ತಿಲ್ಲ ಅಕ್ಕ. ಕೇಳಲು ನನಗೆ ಮುಖವಿಲ್ಲ.

ವೆಂಕಟ


ನಮ್ಮೂರು
12 ಮಾರ್ಚ್ 2025

ವೆಂಕಟನಿಗೆ ಆಶೀರ್ವಾದ.

ನಿನಗೆ ಕದಿರಪ್ಪ ಹೇಳಿರಬಹುದು. ಆದರೂ ನಾನೇ ಹೇಳ್ತೀನಿ.

ಅವತ್ತು ಮಾತು ಕೇಳಿಸಲಿಲ್ಲ, ನಿಜ. ಆದರೆ ಅಷ್ಟು ಜನ ನಗೋದು ಕಂಡಿತು. ನೀನು ತಲೆ ತಗ್ಗಿಸಿದ್ದೂ ಕಂಡಿತು. ಯಾಕೆ ನಕ್ಕರು ಅಂತ ನಿನ್ನ ಕಾಗದ ಬಂದ ಮೇಲೆ ತಿಳೀತು. ನಿಜ ಏನು ಅಂತ ಅಲ್ಲಿದ್ದ ಮುದುಕರಿಗೆಲ್ಲ ಗೊತ್ತು. ನಗದೇ ನಿಂತಿದ್ದೆ ಅನ್ನೋದೊಂದೇ ನನ್ನ ಹೆಚ್ಚುಗಾರಿಕೆ. ಅದರಿಂದ ಯಾರಿಗೆ ಏನು ಬಂತು?

ಹದಿನೈದು ದಿನ ಸುಮ್ಮನೇ ಇದ್ದೆ. ತೋಪಲ್ಲಿ ಹೂವಿಗೆ ಔಷಧಿ ಹೊಡೆಯೋ ಕೆಲಸ ನಡೀತಿತ್ತು. ಅಂಜಮ್ಮನ ತಂಗಿ ಬೈರಮ್ಮ ಬಂದಿದ್ದಳು. ನೀರು ಕೇಳಿದಳು. ಚೊಂಬು ಎತ್ತಿದೆ, ಕೈ ತಾನಾಗೇ ಮೇಲಕ್ಕೆ ಹೋಯ್ತು. ಅಲ್ಲೇ ನಿಲ್ಲಿಸಿ ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಅವಳು ತಗೊಳ್ಳಲಿಲ್ಲ. "ನಾಲ್ಕು ಜನ ನೋಡ್ತಿದ್ದಾರೆ, ಬೇಡಮ್ಮ" ಅಂತ ಬೊಗಸೆ ಚಾಚಿದಳು. ನನಗೆ ಹೆದರಿಕೆ ಆಗಬೇಕಾಗಿತ್ತು, ಅವಳು ನನ್ನ ಪರವಾಗಿ ಹೆದರಿದಳು.

ಮಾರನೇ ದಿನ ಯಾರಿಗೂ ಹೇಳದೆ ಎಂಟು ಗಂಟೆ ಬಸ್ಸಿಗೆ ಶ್ರೀನಿವಾಸಪುರಕ್ಕೆ ಹೋದೆ. ತಹಸೀಲ್ದಾರರಿಗೆ ನನ್ನ ಕಿವಿ ಮಂದ ಅಂತ ಮೊದಲೇ ಹೇಳಿದೆ. ಅವರು ಜೋರಾಗಿ ಕೇಳಿದರು, ಕಚೇರಿ ಪೂರ್ತಿ ಕೇಳಿಸೋ ಹಾಗೆ: "ಆ ದಾರಿ ನೀವು ಕೊಟ್ಟ ಪರ್ಮಿಷನ್ನೋ, ಮೊದಲಿಂದ ಇದ್ದದ್ದೋ?"

ನಾನು ಹೇಳಿದೆ, ನಾನು ಮದುವೆಯಾಗಿ ಬಂದಾಗಲೇ ಇತ್ತು. ನಮ್ಮ ಮಾವನವರು ಉಳುವಾಗ ದಾರಿ ಹತ್ತಿರ ಬಂದರೆ ನೇಗಿಲು ಎತ್ತಿ ಆಚೆ ಇಡ್ತಿದ್ದರು. ಅದು ಹೆಣ ಹೋಗೋ ದಾರಿ, ನಮ್ಮದಲ್ಲ ಅಂತಿದ್ದರು. ಅಲ್ಲಿ ಒಂಬತ್ತು ಮರ ನೆಟ್ಟವಳು ನಾನು, ನೆಡಬಾರದಾಗಿತ್ತು.

ಜಮೀನು ನಿಮ್ಮ ಹೆಸರಲ್ಲೇ ಇದೆ, ಯೋಚನೆ ಮಾಡಿ ಹೇಳ್ತಿದ್ದೀರಾ ಅಂತ ಎರಡು ಸಲ ಕೇಳಿದರು. ಸಹಿ ಹಾಕಿದೆ. ಸುಳ್ಳು ಹೇಳಲ್ಲ, ಹಾಕೋವಾಗ ಆ ಒಂಬತ್ತು ಮರಾನೂ ಒಂದೊಂದಾಗಿ ನೆನೆಸ್ಕೊಂಡೆ.

ಮನೆಗೆ ಬಂದು ಮುರಳಿಗೆ ನಾನೇ ಹೇಳಿದೆ. ಅವನು ಕೂಗಾಡಲಿಲ್ಲ. "ನನ್ನ ಊರಲ್ಲಿ ತಲೆ ಎತ್ತದ ಹಾಗೆ ಮಾಡಿದೆ ಕಣಮ್ಮ" ಅಂದ. ಅವತ್ತಿಂದ ಅವನ ಅಡುಗೆ ಬೇರೆ. ಒಂದೇ ಮನೇಲಿ ಎರಡು ಒಲೆ. ಊರಲ್ಲಿ ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಅವನಿಗೆ ಕರೆ ಬರುತ್ತೆ, ನನಗೆ ಬರಲ್ಲ.

ಮೊನ್ನೆ ಆರ್ಡರ್ ಆಯ್ತು. ಏಪ್ರಿಲ್ ಮುಗಿಯೋದರೊಳಗೆ ಬೇಲಿ, ಗೇಟು, ಮರ ತೆಗೀಬೇಕು. ಮೇಲಿನ ಕೋರ್ಟಿಗೆ ಹೋಗು ಅಂತ ಊರಿನವರು ಮುರಳೀನ ಕುಣಿಸ್ತಿದ್ದಾರೆ. ಏನು ಮಾಡ್ತಾನೋ ಗೊತ್ತಿಲ್ಲ.

ಅಕ್ಕ


ಮಾಲೂರು
2 ಏಪ್ರಿಲ್ 2025

ಅಕ್ಕ,

ನಿನ್ನ ಕಾಗದವನ್ನು ಆದಿಲಕ್ಷ್ಮಿಗೆ ಓದಿ ಹೇಳಿದೆ. ಮಧ್ಯದಲ್ಲಿ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದು, ಮತ್ತೆ ಮೊದಲಿಂದ ಓದಿ ಅಂದಳು.

ನನಗೆ ನೋಟೀಸು ಬಂದಿದೆ. ಸುಳ್ಳು ದಾಖಲೆ ಮಾಡಿದ್ದಕ್ಕೆ ಯಾಕೆ ಕ್ರಮ ಕೈಗೊಳ್ಳಬಾರದು ಅಂತ. ಮಾಡಿದ್ದು ನಿಜ ಅಂತ ಉತ್ತರ ಬರೆದೆ. ಏನಾದರೂ ಆಗಲಿ. ಇದಕ್ಕೆ ನೀನು ಕಣ್ಣೀರು ಹಾಕಬೇಡ.

ಒಂದು ಮಾತು. ಮುರಳಿಯ ಮೇಲೆ ಕೋಪ ಮಾಡಿಕೊಳ್ಳಬೇಡ. ಅವನಿಗೆ ಬುದ್ಧಿ ಬಂದಾಗಿನಿಂದ ಅದು ಬರೀ ತೋಪೇ ಆಗಿತ್ತು. ಅದನ್ನು ಹಾಗೆ ತೋರಿಸಿದವರು ನಾವು.

ವೆಂಕಟ


ನಮ್ಮೂರು
18 ಮೇ 2025

ವೆಂಕಟನಿಗೆ, ಆದಿಲಕ್ಷ್ಮಿಗೆ ಆಶೀರ್ವಾದ.

ಮುರಳಿ ಕೋರ್ಟಿಗೆ ಹೋಗಲಿಲ್ಲ. ಯಾಕೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಪ್ರಿಲ್ ಕೊನೇ ವಾರ ಪಂಚಾಯ್ತಿಯವರು ಮರ ಕಡಿಯೋಕೆ ಬರ್ತಾರೆ ಅಂತ ಗೊತ್ತಾಗಿ, ಹಿಂದಿನ ದಿನವೇ ಅವನು ಗರಗಸ ತಂದು ಒಂಬತ್ತೂ ಮರ ತಾನೇ ಇಳಿಸಿದ. ಕಾಯಿ ತುಂಬಿದ್ದವು. ಬೇರೆಯವರ ಕೈಯಲ್ಲಿ ಬೀಳೋದು ಬೇಡ ಅಂದ. ಎರಡು ದಿನ ನಾನು ಹಿಂದಿನ ಬಾಗಿಲು ತೆಗೀಲಿಲ್ಲ.

ಕಾಲೋನಿಗೆ ಒಳ್ಳೇದಾಯ್ತು ಅಂದ್ಕೋಬೇಡ, ಅಷ್ಟು ಸಲೀಸಲ್ಲ. ಈ ವರ್ಷ ಕಾಯಿ ಕೀಳೋಕೆ ಊರಿನ ತೋಪುಗಳಿಗೆ ಅವರನ್ನ ಯಾರೂ ಕರೆದಿಲ್ಲ. ರಾಯಲ್ಪಾಡು ಕಡೆಯಿಂದ ಕೂಲಿಯವರನ್ನ ಕರೆಸಿದ್ದಾರೆ. ಬೈರಮ್ಮ, ಅವಳ ಮಗಳು ಟೊಮೆಟೊ ಬಿಡಿಸೋಕೆ ದಿನಾ ಆಟೋದಲ್ಲಿ ಹೊರಗೆ ಹೋಗ್ತಾರೆ. ಹೋಟ್ಲಲ್ಲಿ ಅವರಿಗೆ ಪೇಪರ್ ಲೋಟ, ನಮಗೆ ಗಾಜಿನ ಲೋಟ. ಅದು ಹಾಗೇ ಇದೆ. ನಿನ್ನ ಒಂದು ಹಾಳೆ, ನನ್ನ ಒಂದು ಸಹಿ ಸೇರಿ ಆಗಿದ್ದು ಇನ್ನೂರು ಗಜ ದಾರಿ. ಅಷ್ಟೇ.

ಗುರುವಾರ ಕಾಲೋನೀಲಿ ಒಬ್ಬರು ಹೋದರು. ರಾಮಲಕ್ಷ್ಮಮ್ಮ ಅಂತ, ನನ್ನ ವಾರಿಗೆಯವಳು. ದಾರಿ ಬಿಟ್ಟ ಮೇಲೆ ಇದೇ ಮೊದಲ ಸಾವು. ತಮಟೆ ಸದ್ದು ನನ್ನ ಕಿವಿಗೂ ಬಿತ್ತು. ತೋಪಿನ ಹತ್ತಿರ ಹೋದೆ. ಊರಿನವರು ಹತ್ತು ಜನ ಅರಳಿಕಟ್ಟೆ ಮೇಲೆ ಕೂತು ನೋಡ್ತಿದ್ದರು. ಮುರಳಿ ತೋಪಲ್ಲಿ ಟ್ರ್ಯಾಕ್ಟರ್ ಮೇಲಿದ್ದ.

ಹೊತ್ತವರು ಗೇಟು ಇದ್ದ ಜಾಗಕ್ಕೆ ಬಂದು ನಿಂತುಬಿಟ್ಟರು. ಗೇಟಿಲ್ಲ, ಬೇಲಿ ಇಲ್ಲ, ಆದರೂ ನಿಂತರು. ತಮಟೆ ನಿಂತಿತು. ಮುಂದೆ ಹೆಗಲು ಕೊಟ್ಟಿದ್ದ ಭೀಮರಾಜ ನನ್ನ ಮುಖ ನೋಡಿದ. ಎಲ್ಲರೂ ನನ್ನೇ ನೋಡಿದರು.

ಬನ್ನಿ ಅನ್ನೋ ಮಾತು ಬಾಯಿವರೆಗೂ ಬಂತು ಕಣೋ. ನುಂಗಿಕೊಂಡೆ. ನಾನು ಬನ್ನಿ ಅಂದರೆ ಅದು ಮತ್ತೆ ನಾನು ಬಿಟ್ಟುಕೊಟ್ಟ ಹಾಗೇ ಆಗುತ್ತೆ, ಊರಿನವರು ಹೇಳಿದ ಹಾಗೆ ಶಾಮಲಮ್ಮನ ಒಳ್ಳೇತನ ಆಗುತ್ತೆ. ಏನೂ ಹೇಳದೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಬೇರೆಯವರ ದಾರೀಲಿ ನಿಂತವರು ಸರೀತಾರಲ್ಲ ಹಾಗೆ, ನಿಂತ್ಕೊಂಡೆ. ಆಮೇಲೆ ಭೀಮರಾಜ ಹೆಗಲು ಸರಿಮಾಡಿಕೊಂಡು ಮುಂದೆ ಕಾಲಿಟ್ಟ. ತಮಟೆ ಶುರುವಾಯ್ತು. ಎಲ್ಲರೂ ಹೋದರು. ಯಾರೂ ನನಗೆ ಕೈ ಮುಗೀಲಿಲ್ಲ. ಅದೇ ಸರಿ ಅನ್ನಿಸ್ತು.

ಮುರಳಿ ಟ್ರ್ಯಾಕ್ಟರ್ ಆಫ್ ಮಾಡಿದ್ದ. ಸತ್ತವಳ ಮರ್ಯಾದೆಗೋ, ನಾನೇನು ಹೇಳ್ತೀನಿ ಅಂತ ಕೇಳಿಸಿಕೊಳ್ಳೋಕೋ ನನಗೆ ಗೊತ್ತಿಲ್ಲ. ಅವರೆಲ್ಲ ದಾಟಿ ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದ.

ನೀನು ಬಾ. ಆದಿಲಕ್ಷ್ಮೀನೂ ಕರ್ಕೊಂಡು ಬಾ. ಉಳಿದ ಮರಗಳಲ್ಲಿ ಹಣ್ಣಿದೆ. ಮುರಳಿ ಮಾತಾಡಲ್ಲ. ಆದರೂ ಬಾ.

ನಿನ್ನ ಅಕ್ಕ,
ಶಾಮಲ